ಕೇಳ್ತದೆ, ಆದ್ರೆ ಗೊತ್ತಾಗುವುದಿಲ್ಲ

(ಉಡುಪಿಯಲ್ಲಿ ಹಿರಿಯ ನಾಗರಿಕರ ಒಂದು ಸಭೆಯಲ್ಲಿ ಮಾತಾಡಿದ್ದನ್ನು ಆಮೇಲೆ ಕೂತು ಬರೆದದ್ದು.)

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳದಿದ್ದರೆ ಮುಂದೆ ಬಂದು ಕೂತುಕೊಳ್ಳಿ, ಜಾಗ ಇದೆ. ಎರಡು ಫ್ಯಾನ್ ಬಂದ್ ಮಾಡಲು ನಾನೇ ಹೇಳಿದ್ದು. ಸೆಕೆ ಆಗುತ್ತದೆ, ಗೊತ್ತು. ಆದರೆ ಕಿವಿಗೆ ಮೆಷಿನ್ ಹಾಕಿದವರಿಗೆ ಫ್ಯಾನಿನ ಸದ್ದು ಎಷ್ಟು ಕಷ್ಟ ಕೊಡುತ್ತದೆ ಅಂತ ನಿಮ್ಮಲ್ಲಿ ಕೆಲವರಿಗಾದರೂ ಗೊತ್ತಿರುತ್ತದೆ.

ನಾನು ಆಡಿಯಾಲಜಿಸ್ಟ್. ಕಿವಿ ಎಷ್ಟು ಕೇಳುತ್ತದೆ ಅಂತ ಪರೀಕ್ಷೆ ಮಾಡಿ ಮೆಷಿನ್ ಹೊಂದಿಸಿ ಕೊಡುವುದು ನನ್ನ ಕೆಲಸ. ಕಲಿತದ್ದು ಮೈಸೂರಿನ ಆಯಿಷ್‌ನಲ್ಲಿ, 1965ರಲ್ಲಿ ಶುರುವಾದ ವಾಕ್ ಶ್ರವಣ ಸಂಸ್ಥೆ ಅದು. ಕೆಲಸ ಮಾಡುವುದು ಮಂಗಳೂರಿನಲ್ಲಿ, 18 ವರ್ಷದಿಂದ. ನಮ್ಮ ಕಡೆಯ ಹಿರಿಯರು ನನ್ನೆದುರು ಬಂದು ಕೂತ ಕೂಡಲೇ ಹೇಳುವ ಮೊದಲ ಮಾತು ಹೆಚ್ಚು ಕಡಿಮೆ ಒಂದೇ. "ಕೇಳ್ತದೆ ಮಾರಾಯ್ರೆ, ಆದ್ರೆ ಗೊತ್ತಾಗುವುದಿಲ್ಲ." ತುಳುವಿನಲ್ಲಿ ಹೇಳಲಿ, ಕೊಂಕಣಿಯಲ್ಲಿ ಹೇಳಲಿ, ಮಾತು ಇದೇ.

ಅವರು ಹೇಳುವುದು ಪೂರ್ತಿ ಸರಿ. ಮಾತಿನಲ್ಲಿ ಅ, ಆ, ಒ, ಊ ಇವೆಲ್ಲ ತಗ್ಗಿನ ಸದ್ದುಗಳು, ಅಂದರೆ ದಪ್ಪ ಸ್ವರದವು. ಮಾತಿಗೆ ದೊಡ್ಡ ದನಿ ಕೊಡುವುದು ಅವು. ಸ, ಶ, ತ, ಕ, ಪ ಇವುಗಳ ಗುರುತು ಇರುವುದು ಮೇಲಿನ ಸದ್ದುಗಳಲ್ಲಿ, ಅಂದರೆ ಕೀರಲು ಸ್ವರದಲ್ಲಿ, ಅದೂ ಬಹಳ ಸಣ್ಣ ದನಿಯಲ್ಲಿ. ವಯಸ್ಸಾದಾಗ ಮೊದಲು ಹೋಗುವುದು ಮೇಲಿನ ಸದ್ದು. ಹಾಗಾಗಿ ಯಾರೋ ಮಾತಾಡಿದ್ದು ಕೇಳುತ್ತದೆ. ಏನು ಮಾತಾಡಿದ್ದು ಅಂತ ಗೊತ್ತಾಗುವುದಿಲ್ಲ.

ಕನ್ನಡದಲ್ಲಿ ಇನ್ನೊಂದು ತೊಂದರೆ ಇದೆ. ಇದು ನನ್ನ ಕೆಲಸದಲ್ಲಿ ನೋಡಿ ನೋಡಿ ಗೊತ್ತಾದದ್ದು. ನಮ್ಮ ಭಾಷೆಯಲ್ಲಿ ಮುಖ್ಯವಾದದ್ದೆಲ್ಲ ಬಾಲದಲ್ಲಿ ಇರುತ್ತದೆ. ಬರ್ತಾನೆ, ಬರ್ತಾಳೆ, ಬರ್ತಾರೆ. ಅಂಗಡಿಗೆ, ಅಂಗಡಿಯಿಂದ. ಎಲ್ಲಕ್ಕಿಂತ ಜಾಸ್ತಿ, ಆ 'ಇಲ್ಲ'. ಮದ್ದು ತಗೊಳ್ಬೇಕು, ಮದ್ದು ತಗೊಳ್ಬಾರ್ದು: ಎರಡಕ್ಕೂ ವ್ಯತ್ಯಾಸ ಇರುವುದು ಕೊನೆಯ ಎರಡು ಅಕ್ಷರದಲ್ಲಿ. ಮಾತಾಡುವಾಗ ವಾಕ್ಯದ ಕೊನೆಗೆ ಬರುವಷ್ಟರಲ್ಲಿ ನಮ್ಮ ಉಸಿರು ಕಡಿಮೆಯಾಗಿ ದನಿ ಇಳಿದಿರುತ್ತದೆ. ಕಿವಿ ಮಂದ ಆದವರಿಗೆ ತಪ್ಪಿ ಹೋಗುವುದು ಅದೇ ಜಾಗ. ಮನೆಯವರು "ನಾನು ಹೇಳಿದ್ದೇ ಒಂದು, ಇವರು ಮಾಡಿದ್ದೇ ಒಂದು" ಅಂತ ಬೇಸರ ಮಾಡಿಕೊಳ್ಳುತ್ತಾರೆ. ದಯವಿಟ್ಟು ಮಾಡಿಕೊಳ್ಳಬೇಡಿ. ಅವರಿಗೆ ಬಾಲ ಸಿಕ್ಕಿಲ್ಲ, ಅಷ್ಟೇ.

ಈಗ ನನ್ನ ದೊಡ್ಡಪ್ಪನ ವಿಷಯ ಹೇಳುತ್ತೇನೆ. ಹೇಳಬಹುದು ಅಂತ ಅವರೇ ಒಪ್ಪಿದ್ದಾರೆ. ಮನೆ ಬಾರ್ಕೂರು ಕಡೆ. 30 ವರ್ಷ ಯಕ್ಷಗಾನ ಮೇಳದಲ್ಲಿ (ನಮ್ಮ ಕಡೆ ಯಕ್ಷಗಾನಕ್ಕೆ ಆಟ ಅಂತಲೇ ಹೇಳುವುದು) ಚೆಂಡೆ ಬಾರಿಸಿದವರು. ರಾತ್ರಿಯಿಡೀ ಚೆಂಡೆಯ ಹತ್ತಿರ ಕೂತ ಕಿವಿ ಅದು. 70 ದಾಟುವಷ್ಟರಲ್ಲಿ ದೊಡ್ಡಮ್ಮ ಕರೆದದ್ದು ಕೇಳದೆ ಹೋಯಿತು. ಅವರಿಗೆ ಮೆಷಿನ್ ಹಾಕಿಸಿದ್ದು ನಾನೇ. ಪರೀಕ್ಷೆ ಮಾಡಿದೆ, ಆಡಿಯೋಗ್ರಾಮ್ ತೆಗೆದೆ, ಕಂಪ್ಯೂಟರಿನ ಸೂತ್ರ ಹೇಳಿದ ಹಾಗೆ ಸೆಟ್ಟಿಂಗ್ ಮಾಡಿದೆ. "ಹೇಗಿದೆ ದೊಡ್ಡಪ್ಪ?" ಅಂತ ಕೇಳಿದೆ. "ಅಡ್ಡಿಲ್ಲ" ಅಂದರು. ಮೂರು ತಿಂಗಳು ಬಿಟ್ಟು ಮನೆಗೆ ಹೋದರೆ ಮೆಷಿನ್ ದೇವರ ಕೋಣೆಯ ಡ್ರಾಯರಿನಲ್ಲಿ ಇತ್ತು, ಊದುಬತ್ತಿ ಪ್ಯಾಕೆಟ್ಟಿನ ಪಕ್ಕ. ಬ್ಯಾಟರಿ ತೆಗೆದು ಚೆಂದ ಮಾಡಿ ಹತ್ತಿಯಲ್ಲಿ ಸುತ್ತಿ ಇಟ್ಟಿದ್ದರು.

ಯಾಕೆ ಹಾಕಲ್ಲ ಅಂತ ಕೇಳಿದರೆ, "ಪಾತ್ರೆ ಬಿದ್ದರೆ ತಲೆಗೆ ಹೊಡೆದ ಹಾಗೆ ಆಗ್ತದೆ. ಆಟಕ್ಕೆ ಹೋದರೆ ಭಾಗವತರ ಪದ್ಯ ಮುರಿದು ಮುರಿದು ಬರ್ತದೆ. ನಿನಗೆ ಬೇಜಾರಾಗ್ತದೆ ಅಂತ ಹೇಳ್ಲಿಲ್ಲ ಮಗಾ" ಅಂದರು.

ತಪ್ಪು ಅವರದ್ದಲ್ಲ. ನಾನು ಕೇಳಿದ ಪ್ರಶ್ನೆಯೇ ತಪ್ಪು. 'ಹೇಗಿದೆ?' ಅಂದರೆ ಯಾರಾದರೂ ಏನು ಹೇಳಬೇಕು? ಎರಡೂವರೆ ಸಾವಿರ ಹರ್ಟ್ಸ್ ಹತ್ತಿರ ನಾಲ್ಕು ಡೆಸಿಬೆಲ್ ಕಡಿಮೆ ಮಾಡು ಅಂತ ಹೇಳಲು ಅವರಿಂದ ಆಗುತ್ತದಾ? (ಸದ್ದು ತಗ್ಗಿನದ್ದಾ ಮೇಲಿನದ್ದಾ ಅನ್ನುವ ಅಳತೆ ಹರ್ಟ್ಸ್, ಎಷ್ಟು ಜೋರು ಅನ್ನುವ ಅಳತೆ ಡೆಸಿಬೆಲ್.) ಆದರೆ ಎರಡು ಸದ್ದು ಒಂದರ ಹಿಂದೆ ಒಂದು ಕೇಳಿಸಿ, ಯಾವುದು ಒಳ್ಳೆಯದು ಅಂತ ಕೇಳಿದರೆ ಯಾರು ಬೇಕಾದರೂ ಹೇಳುತ್ತಾರೆ. ಸಾಂಬಾರಿಗೆ ಉಪ್ಪು ಎಷ್ಟು ಗ್ರಾಂ ಬೇಕು ಅಂತ ನಮಗೆ ಗೊತ್ತಿಲ್ಲ. ನಿನ್ನೆಯದ್ದಕ್ಕಿಂತ ಇವತ್ತಿನದ್ದು ಸರಿ ಇದೆ ಅಂತ ನಾಲಿಗೆಗೆ ಗೊತ್ತು. ಇವತ್ತು ನಾನು ಹೇಳಲು ಬಂದ ವಿಷಯ ಇಷ್ಟೇ: ಹಾಕಿಕೊಂಡವರ 'ಇದೇ ಒಳ್ಳೆಯದು' ಅನ್ನುವ ಮಾತು ಕೂಡ ಒಂದು ಅಳತೆ. ಅದನ್ನು ಕ್ರಮವಾಗಿ ತೆಗೆದುಕೊಳ್ಳುವ ದಾರಿ ಇದೆ.

ಸೂತ್ರಗಳನ್ನು ನಾನು ತೆಗೆದುಹಾಕುತ್ತಿಲ್ಲ. 1944ರಲ್ಲಿ ಲೈಬಾರ್ಗರ್ ಅನ್ನುವವರು ಒಂದು ಲೆಕ್ಕ ಕೊಟ್ಟರು. ಕಿವಿಗೆ ಎಷ್ಟು ಡೆಸಿಬೆಲ್ ನಷ್ಟ ಆಗಿದೆಯೋ ಅದರ ಸುಮಾರು ಅರ್ಧದಷ್ಟು ದನಿ ಏರಿಸಿದರೆ ಸಾಕು ಅಂತ. ಅವರೂ ಅದನ್ನು ಜನರಿಗೆ ಹಿತ ಆಗುವುದು ಯಾವುದು ಅಂತ ನೋಡಿಯೇ ಹೇಳಿದ್ದು. ಈಗ ಜಾಸ್ತಿ ಬಳಕೆಯಲ್ಲಿರುವುದು ಆಸ್ಟ್ರೇಲಿಯಾದ ನ್ಯಾಷನಲ್ ಅಕೌಸ್ಟಿಕ್ ಲ್ಯಾಬೊರೇಟರೀಸ್‌ನ ಎನ್‌ಎಎಲ್-ಎನ್‌ಎಲ್2. ಮಾತು ಆದಷ್ಟು ಸ್ಪಷ್ಟ ಆಗಬೇಕು, ಒಟ್ಟು ಸದ್ದು ಅತಿ ಜೋರಾಗಬಾರದು, ಇವೆರಡನ್ನೂ ತೂಗಿ ನೋಡುವ ಸೂತ್ರ. ಒಳ್ಳೆಯ ಸೂತ್ರ. ಹೆಂಗಸರು ಗಂಡಸರಿಗಿಂತ ಸ್ವಲ್ಪ ಕಡಿಮೆ ದನಿ ಇಷ್ಟಪಡುತ್ತಾರೆ, ಮೊದಲ ಸಲ ಹಾಕುವವರಿಗೆ ಕಡಿಮೆ ಬೇಕು, ಇವೆಲ್ಲ ಅದರ ಒಳಗೆ ಇದೆ. ಆದರೆ ಅದು ಸರಾಸರಿ ಮನುಷ್ಯನ ಲೆಕ್ಕ. ನಿಮ್ಮ ಕಿವಿ ಸರಾಸರಿ ಕಿವಿ ಅಲ್ಲದೆ ಇರಬಹುದು.

ಆಡಿಯೋಗ್ರಾಮ್ ಅಂದರೆ ಏನು? 250ರಿಂದ 8000 ಹರ್ಟ್ಸ್‌ವರೆಗೆ ಕೆಲವು 'ಪೀಂ ಪೀಂ' ಸದ್ದು ಹಾಕಿ, ಅತಿ ಸಣ್ಣದು ಎಷ್ಟು ಕೇಳುತ್ತದೆ ಅಂತ ನೋಡುವುದು. ಅಷ್ಟು ಮಾತ್ರ. ಸರ್ವೀಸ್ ಬಸ್ ಸ್ಟ್ಯಾಂಡಿನ ಗಲಾಟೆಯಲ್ಲಿ ಕಂಡಕ್ಟರ್ ಹೇಳಿದ್ದು ಮೆದುಳು ಹೇಗೆ ಹೆಕ್ಕಿ ತೆಗೆಯುತ್ತದೆ ಅಂತ ಅದರಲ್ಲಿ ಇಲ್ಲ. ಸದ್ದು ಎಷ್ಟು ಜೋರಾದರೆ ತಡೆಯಲು ಆಗುವುದಿಲ್ಲ ಅಂತಲೂ ಅದರಲ್ಲಿ ಇಲ್ಲ. ಒಂದೇ ಆಡಿಯೋಗ್ರಾಮ್ ಇರುವ ಇಬ್ಬರಿಗೆ ಒಂದೇ ಸೆಟ್ಟಿಂಗ್ ಹಾಕಿ, ಒಬ್ಬರು ಖುಷಿಯಿಂದ ಹೋಗಿ ಇನ್ನೊಬ್ಬರು ಮರುವಾರ ವಾಪಸ್ ಬಂದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಹಾಗಾದರೆ ಎಲ್ಲ ಸೆಟ್ಟಿಂಗನ್ನೂ ಕೇಳಿಸಿ ನೋಡಿದರೆ ಆಯಿತಲ್ವಾ? ಲೆಕ್ಕ ಹಾಕಿ. ಐದು ತಿರುಗಣೆ ಇದೆ ಅಂತ ಇಟ್ಟುಕೊಳ್ಳಿ. ತಗ್ಗಿನ ಸದ್ದು ಎಷ್ಟು ಏರಿಸಬೇಕು, ನಡುವಿನದ್ದು ಎಷ್ಟು, ಮೇಲಿನದ್ದು ಎಷ್ಟು. ನಾಲ್ಕನೆಯದು ಕಂಪ್ರೆಷನ್: ಸಣ್ಣ ಸದ್ದನ್ನು ಜಾಸ್ತಿ ಏರಿಸಿ, ಜೋರು ಸದ್ದನ್ನು ಕಡಿಮೆ ಏರಿಸುವ ಕೆಲಸ. ಐದನೆಯದು, ಜೋರು ಸದ್ದು ಹೋದ ಮೇಲೆ ಮೆಷಿನ್ ಎಷ್ಟು ಬೇಗ ಮತ್ತೆ ದನಿ ಏರಿಸಬೇಕು ಅನ್ನುವುದು. ಒಂದೊಂದಕ್ಕೆ 8 ಹಂತ. ಒಟ್ಟು 32,768 ಸೆಟ್ಟಿಂಗ್. ಒಂದಕ್ಕೆ 10 ಸೆಕೆಂಡ್ ಅಂದರೂ 91 ಗಂಟೆ ಬೇಕು. ಯಾರು ಕೂತುಕೊಳ್ಳುತ್ತಾರೆ?

ಇಲ್ಲಿ ನಾವು ರೈತರಿಂದ ಕಲಿಯಬೇಕು. ಕಟಪಾಡಿ ಹತ್ತಿರದ ಮಟ್ಟುವಿನ ಗುಳ್ಳ ಬದನೆ ಎಲ್ಲರಿಗೂ ಗೊತ್ತು. 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಗುರುತು ಕೂಡ ಸಿಕ್ಕಿತು. ಬೆಳೆಗಾರರು ಬೀಜಕ್ಕೆ ಅಂತ ಯಾವುದನ್ನು ಬಿಡುತ್ತಾರೆ? ಚೆಂದ ಬಂದ ಕಾಯಿಯನ್ನು. ಮುಂದಿನ ವರ್ಷ ಅದರ ಬೀಜ, ಅದರಲ್ಲಿ ಮತ್ತೆ ಒಳ್ಳೆಯದು. ಯಾವ ಬೀಜದಲ್ಲಿ ಯಾವ ಗುಣ ಎಲ್ಲಿ ಕೂತಿದೆ ಅಂತ ಅವರಿಗೆ ಗೊತ್ತಿರಬೇಕಾಗಿಲ್ಲ. ಕಣ್ಣು, ಕೈ, ನಾಲಿಗೆ ಒಪ್ಪಿದರೆ ಸಾಕು.

ಆರಿಸುವುದರ ಜೊತೆಗೆ ಕೂಡಿಸುವುದೂ ಇದೆ. ಕಾಸರಗೋಡಿನ ಸಿಪಿಸಿಆರ್‌ಐ ತೆಂಗಿನ ಸಂಶೋಧನಾ ಕೇಂದ್ರದಲ್ಲಿ ಗಿಡ್ಡ ತಳಿ ಮತ್ತು ನಮ್ಮ ಪಶ್ಚಿಮ ಕರಾವಳಿಯ ಎತ್ತರದ ತಳಿ ಸೇರಿಸಿ ಚಂದ್ರಸಂಕರ ಮಾಡಿದರು. ಗಿಡ್ಡ ಮರ ಬೇಗ ಫಸಲು ಕೊಡುತ್ತದೆ. ಎತ್ತರದ ಮರ ಗಟ್ಟಿ. ಎರಡರ ಗುಣವೂ ಒಂದೇ ಸಸಿಯಲ್ಲಿ ಬರಲಿ ಅಂತ.

ಇದನ್ನೇ ಲೆಕ್ಕದಲ್ಲಿ ಮಾಡುವುದಕ್ಕೆ ಜೆನೆಟಿಕ್ ಅಲ್ಗಾರಿದಂ ಅಂತ ಹೆಸರು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಜಾನ್ ಹಾಲೆಂಡ್ 1975ರಲ್ಲಿ ಇದನ್ನು ಸವಿಸ್ತಾರವಾಗಿ ಬರೆದರು. ನಮ್ಮ ಐದು ತಿರುಗಣೆಯನ್ನು ಐದು ಅಂಕೆ ಅಂತ ಬರೆಯಿರಿ. ನಿಮಗೆ ಇಷ್ಟವಾದ ಒಂದು ಸೆಟ್ಟಿಂಗ್ 2, 6, 7, 3, 5. ಇಷ್ಟವಾದ ಇನ್ನೊಂದು 4, 5, 6, 6, 2. ಮೊದಲನೆಯದರ ಮೂರು ಅಂಕೆ, ಎರಡನೆಯದರ ಕೊನೆಯ ಎರಡು ತೆಗೆದುಕೊಂಡರೆ 2, 6, 7, 6, 2. ಇದು ಮರಿ. ಆಗಾಗ ಒಂದು ಅಂಕೆಯನ್ನು ಸುಮ್ನೆ ಸ್ವಲ್ಪ ಬದಲಿಸಬೇಕು, 7 ಇದ್ದದ್ದು 8. ಇಲ್ಲದಿದ್ದರೆ ಇದ್ದ ಗುಣವೇ ಸುತ್ತುತ್ತದೆ, ಹೊಸತು ಬರುವುದಿಲ್ಲ. ಎಂಟು ಸೆಟ್ಟಿಂಗಿನಿಂದ ಶುರು ಮಾಡಿ, ನಾಲ್ಕು ಜೋಡಿ ಮಾಡಿ ಕೇಳಿಸಿ. ಗೆದ್ದ ನಾಲ್ಕು ಉಳಿಯುತ್ತವೆ, ಅವುಗಳ ನಾಲ್ಕು ಮರಿ ಸೇರುತ್ತವೆ. ಮತ್ತೆ ಎಂಟು. ಒಂದು ಸುತ್ತಿಗೆ 80 ಸೆಕೆಂಡ್. ಹತ್ತು ಸುತ್ತು ಅಂದರೆ 13 ನಿಮಿಷ ಚಿಲ್ಲರೆ. ಎಲ್ಲಿ 91 ಗಂಟೆ, ಎಲ್ಲಿ 13 ನಿಮಿಷ! 32,768ರಲ್ಲಿ ಅದೇ ಅತ್ಯುತ್ತಮ ಅಂತ ಯಾರೂ ಪ್ರಮಾಣ ಮಾಡಿ ಹೇಳಲು ಆಗುವುದಿಲ್ಲ. ಒಳ್ಳೆಯದರ ಹತ್ತಿರ ಹೋಗುತ್ತೇವೆ.

ಸಾಮಾನ್ಯವಾಗಿ ಈ ಲೆಕ್ಕದಲ್ಲಿ ಯಾವುದು ಒಳ್ಳೆಯದು ಅಂತ ಹೇಳುವುದು ಒಂದು ಸೂತ್ರ. ಆ ಜಾಗದಲ್ಲಿ ಮನುಷ್ಯನನ್ನೇ ಕೂರಿಸಿದರೆ? ಜಪಾನಿನ ಕ್ಯೂಶುವಿನಲ್ಲಿ ಹಿದೆಯುಕಿ ತಕಾಗಿ ಮತ್ತು ಮಿಹೊ ಒಸಾಕಿ 1990ರ ದಶಕದ ಕೊನೆಯಿಂದ ಶ್ರವಣ ಸಾಧನಕ್ಕೆ ಮಾಡಿದ್ದು ಇದನ್ನೇ. ಹಾಕಿಕೊಳ್ಳುವವರು ಕೇಳಿ ಅಂಕ ಕೊಡಬೇಕು, ಕಂಪ್ಯೂಟರ್ ಮುಂದಿನ ತಲೆಮಾರು ಹುಟ್ಟಿಸಬೇಕು. ಪೀಂ ಪೀಂ ಬಿಟ್ಟು ನಿಜವಾದ ಸದ್ದನ್ನೇ ಕೇಳಿಸಿ ಸೆಟ್ ಮಾಡಬಹುದು ಅನ್ನುವುದು ಅವರ ವಾದದ ಜೀವಾಳ. 2007ರಲ್ಲಿ ದೆನಿಜ್ ಬಾಷ್ಕೆಂತ್ ಅನ್ನುವ ಸಂಶೋಧಕಿ ಮತ್ತು ಜೊತೆಗಾರರು ಜೋಡಿ ಹೋಲಿಕೆಯ ದಾರಿ ಹಿಡಿದು ನೋಡಿದರು. 2018ರಲ್ಲಿ ವೈಡೆಕ್ಸ್ ಅನ್ನುವ ಶ್ರವಣ ಸಾಧನದ ಕಂಪನಿ ಮೊಬೈಲಿನಲ್ಲಿ 'ಎ' ಒಳ್ಳೆಯದಾ 'ಬಿ' ಒಳ್ಳೆಯದಾ ಅಂತ ಕೇಳುವ ಸೌಲಭ್ಯ ತಂದಿತು. ಒಳಗಿನ ಲೆಕ್ಕ ಬೇರೆ, ತಳಿಯದ್ದಲ್ಲ, ಸಂಭಾವ್ಯತೆಯದ್ದು. ಕೇಳುವ ಪ್ರಶ್ನೆ ಮಾತ್ರ ಅದೇ.

ದೊಡ್ಡಪ್ಪನ ಮನೆಯ ಚಾವಡಿಗೆ ವಾಪಸ್ ಹೋಗೋಣ. ನನ್ನ ತಮ್ಮನ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಅವನು ಒಂದು ಸಣ್ಣ ಪ್ರೋಗ್ರಾಂ ಬರೆದ. ಲ್ಯಾಪ್‌ಟಾಪ್, ಒಳ್ಳೆಯ ಹೆಡ್‌ಫೋನ್. ಎಷ್ಟೇ ಏರಿದರೂ ಈ ಮಟ್ಟ ದಾಟಬಾರದು ಅಂತ ನಾನು ಮೊದಲೇ ಬೇಲಿ ಹಾಕಿದೆ. ಎರಡು ಮಾದರಿಯ ಒಟ್ಟು ಜೋರು ಸಮ ಇರುವ ಹಾಗೆ ನೋಡಿಕೊಂಡೆವು. ಇದು ಬಹಳ ಮುಖ್ಯ. ಇಲ್ಲದಿದ್ದರೆ ಸ್ವಲ್ಪ ಜೋರಾಗಿದ್ದದ್ದೇ ಒಳ್ಳೆಯದು ಅಂತ ಕಿವಿಗೆ ಅನಿಸಿಬಿಡುತ್ತದೆ.

ಕೇಳಿಸಿದ್ದು ಏನು? ಅಂಗಡಿಯಲ್ಲಿ ಸಿಗುವ ಇಂಗ್ಲಿಷ್ ಮಾದರಿ ಅಲ್ಲ. ದೊಡ್ಡಮ್ಮ ಅಡುಗೆ ಮನೆಯಿಂದ "ಕಾಫಿ ಆಯ್ತು, ಈಗ ಬರ್ತೀರಾ, ಆಮೇಲೆ ಬರ್ತೀರಾ?" ಅಂದದ್ದು. ಹಿಂದೆ ಹಂಚಿನ ಮಾಡಿನ ಮುಂದೆ ಇಳಿಸಿದ ತಗಡಿನ ಮೇಲೆ ಮಳೆ ಬೀಳುವ ಸದ್ದು. ಜುಲೈ ತಿಂಗಳು, ಅದನ್ನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ.

ದೊಡ್ಡಪ್ಪ ಕಣ್ಣು ಮುಚ್ಚಿ ಕೂತರು. ಮೊದಲನೆಯದು ಇಷ್ಟವಾದರೆ ಬಲ ಮೊಣಕಾಲಿನ ಮೇಲೆ ಬೆರಳಿನಲ್ಲಿ ಒಂದು ಪೆಟ್ಟು, ಎರಡನೆಯದಾದರೆ ಎಡಕ್ಕೆ. ಬಾಯಲ್ಲಿ ಹೇಳಿ ಅಂದರೆ ತಡವರಿಸುತ್ತಿದ್ದವರು, ಬೆರಳಿಗೆ ಕೊಟ್ಟ ಕೂಡಲೇ ನಿಖರವಾದರು. ಅವರ 30 ವರ್ಷದ ಕೆಲಸ ಬೆರಳಿನಲ್ಲೇ ಇತ್ತಲ್ವಾ. ಒಂದು ಸುತ್ತು, ಎರಡು ಸುತ್ತು ಚೆನ್ನಾಗಿ ಹೋಯಿತು. ನಾವು ಅಲ್ಲಲ್ಲಿ ಹಳೆಯ ಜೋಡಿಯನ್ನೇ ಹಿಂದುಮುಂದು ಮಾಡಿ ಮತ್ತೆ ಹಾಕುತ್ತಿದ್ದೆವು, ಉತ್ತರ ನಿಲ್ಲುತ್ತದಾ ಅಂತ ನೋಡಲು. ಐದನೆಯ ಸುತ್ತಿಗೆ ಉತ್ತರ ಅದಲುಬದಲು ಆಗತೊಡಗಿತು. ಆಯಾಸ. ಮನುಷ್ಯನನ್ನು ಲೆಕ್ಕದ ಒಳಗೆ ಕೂರಿಸಿದಾಗ ಬರುವ ಅತಿ ದೊಡ್ಡ ತೊಂದರೆ ಇದೇ. ಕಂಪ್ಯೂಟರಿಗೆ ಸುಸ್ತಾಗುವುದಿಲ್ಲ, ಕಿವಿಗೆ ಆಗುತ್ತದೆ. ಅದಕ್ಕೇ ಈ ಕ್ಷೇತ್ರದವರು ಎಂಟು, ಹತ್ತು, ಇಪ್ಪತ್ತರಂಥ ಸಣ್ಣ ಗುಂಪಿನಲ್ಲೇ ಕೆಲಸ ಮುಗಿಸಲು ನೋಡುವುದು. ನಾವು ನಿಲ್ಲಿಸಿದೆವು. ಗೋಳಿಬಜೆ, ಕಾಫಿ ಆಯಿತು. ಅರ್ಧ ಗಂಟೆ ಬಿಟ್ಟು ಕೂತಾಗ ಬೆರಳು ಮತ್ತೆ ಸರಿಯಾಯಿತು.

ಹತ್ತನೆಯ ಸುತ್ತಿನ ಹೊತ್ತಿಗೆ ಎಂಟೂ ಸೆಟ್ಟಿಂಗ್ ಹೆಚ್ಚು ಕಡಿಮೆ ಅಣ್ಣತಮ್ಮಂದಿರ ಹಾಗೆ ಆಗಿದ್ದವು. ಸೂತ್ರ ಕೊಟ್ಟದ್ದಕ್ಕಿಂತ ತಗ್ಗಿನ ಸದ್ದು ಕಡಿಮೆ. ಮತ್ತೆ ದನಿ ಏರಿಸುವ ವೇಗ ಮಾತ್ರ ಜಾಸ್ತಿ. ನನಗೆ ಆಗ ಹೊಳೆಯಿತು. 'ಬರ್ತೀರಾ' ಅನ್ನುವಾಗ 'ಬ' ಜೋರು, 'ರಾ' ಸಣ್ಣದು. ಮೆಷಿನ್ ನಿಧಾನದ್ದಾದರೆ ಜೋರು ಅಕ್ಷರಕ್ಕೆ ದನಿ ಇಳಿಸಿ, ಅದು ಮತ್ತೆ ಏರಿಸುವ ಮೊದಲೇ ಬಾಲ ಹೋಗಿಬಿಡುತ್ತದೆ. ಅವರ ಬೆರಳು ಹುಡುಕಿದ್ದು ಆ ಬಾಲವನ್ನು.

ಯಕ್ಷಗಾನದ ರೆಕಾರ್ಡಿಂಗ್ ಹಾಕಿ ಇನ್ನೊಂದು ದಿನ ಕೂತೆವು. ಅಲ್ಲಿ ಪೂರ್ತಿ ಉಲ್ಟಾ. ಕಂಪ್ರೆಷನ್ ಕಡಿಮೆ, ವೇಗವೂ ಕಡಿಮೆ. ಬೇಗ ಬೇಗ ಏರಿಸಿ ಇಳಿಸುವ ಮೆಷಿನ್ ಚೆಂಡೆಯ ಪ್ರತಿ ಪೆಟ್ಟಿಗೂ ಭಾಗವತರ ದನಿಯನ್ನು ಒತ್ತಿ ಹಿಡಿಯುತ್ತಿತ್ತು. "ಮುರಿದು ಮುರಿದು ಬರ್ತದೆ" ಅಂತ ಅವರು ಅವತ್ತೇ ಹೇಳಿದ್ದರಲ್ಲ. ನಾನು ಅದನ್ನು ಅಳತೆ ಅಂತ ತೆಗೆದುಕೊಂಡಿರಲಿಲ್ಲ. ಈಗ ಮೆಷಿನಿನಲ್ಲಿ ಎರಡು ಪ್ರೋಗ್ರಾಂ ಇದೆ. ಒಂದು ಮನೆಗೆ, ಒಂದು ಆಟಕ್ಕೆ. ಹೆಡ್‌ಫೋನಿನದ್ದು ಮೆಷಿನಿಗೆ ಅಚ್ಚುಕಟ್ಟಾಗಿ ಹಾಗೇ ಬರುವುದಿಲ್ಲ, ಕಿವಿಯ ಒಳಗೆ ಸಣ್ಣ ಮೈಕ್ ಇಟ್ಟು ಅಳೆದು ಸರಿ ಮಾಡಬೇಕಾಯಿತು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಹಿತ ಆದದ್ದೆಲ್ಲ ಸ್ಪಷ್ಟ ಆಗಿರಬೇಕಾಗಿಲ್ಲ. ವರ್ಷಗಟ್ಟಲೆ ಮೇಲಿನ ಸದ್ದು ಕೇಳದವರಿಗೆ ಅದು ಮೊದಲು ಬಂದಾಗ ಕಿರಿಕಿರಿ. ಅದಿಲ್ಲದ ಸೆಟ್ಟಿಂಗೇ ಮೆತ್ತಗೆ, ಹಿತ ಅನಿಸುತ್ತದೆ. ದೊಡ್ಡಪ್ಪ ಮೊದಲ ದಿನ ಅತಿ ಇಷ್ಟಪಟ್ಟ ಸೆಟ್ಟಿಂಗಿನಲ್ಲಿ ಪದಗಳ ಪರೀಕ್ಷೆ ಮಾಡಿದೆ. 'ಸರ' ಅಂದರೆ 'ಅರ' ಅಂದರು, 'ಕಸ' ಅಂದರೆ 'ಕಹ' ಅಂದರು. ಹಾಗಾಗಿ ಮೇಲಿನ ಸದ್ದಿಗೆ ಇಷ್ಟಕ್ಕಿಂತ ಕೆಳಗೆ ಇಳಿಯಬಾರದು ಅಂತ ಒಂದು ಗೆರೆ ಹಾಕಿ ಮತ್ತೆ ಹುಡುಕಿಸಿದೆವು. ಸೂತ್ರದಿಂದ ಶುರು ಮಾಡಬೇಕು, ಇಷ್ಟದಿಂದ ತಿದ್ದಬೇಕು, ಪದಗಳ ಪರೀಕ್ಷೆಯಿಂದ ತಾಳೆ ನೋಡಬೇಕು. ಮೂರರಲ್ಲಿ ಒಂದನ್ನು ಬಿಟ್ಟರೂ ನಾನು ಒಪ್ಪುವುದಿಲ್ಲ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಎರಡನ್ನು ಇಲ್ಲಿ ಸೇರಿಸುತ್ತೇನೆ.

ಮೊಮ್ಮಗಳಿಗೆ ಮೆಷಿನ್ ಹಾಕಿಸಿದ ಅಜ್ಜಿಯೊಬ್ಬರು, ಮಗುವಿಗೂ ಹೀಗೆ ಮಾಡಬಹುದಾ ಅಂತ ಕೇಳಿದರು. ಬೇಡ ಅಮ್ಮ. ಮಾತು ಕಲಿಯುತ್ತಿರುವ ಮಗುವಿಗೆ ಯಾವುದು ಸ್ಪಷ್ಟ ಅಂತ ಹೋಲಿಸಲು ಇನ್ನೂ ಭಾಷೆಯೇ ಬಂದಿಲ್ಲ. ಅವರಿಗೆ ಸೂತ್ರ ಹೇಳಿದ ಹಾಗೇ ಹಾಕಿ, ಕಿವಿಯ ಒಳಗೆ ಅಳೆದು ನೋಡುವುದೇ ಸರಿ. ಬೇಗ ಹಾಕಿಸಿದ್ದೀರಲ್ಲ, ಅದೇ ಅತಿ ಮುಖ್ಯ ಕೆಲಸ.

ಮಲ್ಪೆಯ ಒಬ್ಬರು, ನಮ್ಮ ಮೆಷಿನಿನಲ್ಲಿ ಇಂಥ ಪ್ರೋಗ್ರಾಂ ಇಲ್ಲ, ನಾವೇನು ಮಾಡುವುದು ಅಂದರು. ಈಗಿನ ಹೆಚ್ಚಿನ ಡಿಜಿಟಲ್ ಮೆಷಿನಿನಲ್ಲಿ ಒಂದಕ್ಕಿಂತ ಜಾಸ್ತಿ ಪ್ರೋಗ್ರಾಂ ಇಡಲು ಜಾಗ ಇರುತ್ತದೆ. ನಿಮ್ಮ ಆಡಿಯಾಲಜಿಸ್ಟ್ ಹತ್ತಿರ ಎರಡು ಬೇರೆ ಬೇರೆ ಸೆಟ್ಟಿಂಗ್ ಹಾಕಿಸಿಕೊಳ್ಳಿ. ಯಾವುದು ಏನು ಅಂತ ಕೇಳಬೇಡಿ. ಮೀನು ಮಾರ್ಕೆಟಿನಲ್ಲಿ, ಬಸ್ಸಿನಲ್ಲಿ, ಮನೆಯಲ್ಲಿ ಎರಡನ್ನೂ ಬದಲಾಯಿಸಿ ಬದಲಾಯಿಸಿ ಕೇಳಿ, ಎಲ್ಲಿ ಯಾವುದು ಒಳ್ಳೆಯದಾಯಿತು ಅಂತ ಕ್ಯಾಲೆಂಡರಿನಲ್ಲಿ 1 ಅಥವಾ 2 ಅಂತ ಬರೆಯಿರಿ. ಎರಡು ವಾರ ಆದ ಮೇಲೆ ಆ ಕ್ಯಾಲೆಂಡರ್ ತೆಗೆದುಕೊಂಡೇ ಹೋಗಿ. ಗೆದ್ದದ್ದನ್ನು ಇಟ್ಟು, ಸೋತದ್ದರ ಜಾಗಕ್ಕೆ ಹೊಸದೊಂದು ಹಾಕಿಸಿ. ಕೈಯಲ್ಲಿ ಮಾಡುವ ತಳಿ ಆರಿಸುವಿಕೆ ಇದು, ನಿಧಾನ, ಆದರೆ ಆಗುತ್ತದೆ.

ದೊಡ್ಡಪ್ಪನ ಸೆಟ್ಟಿಂಗ್ ಕೂಡ ಮುಗಿದದ್ದಲ್ಲ. ಮೊದಲು ತಡೆಯಲಾಗದ ಮೇಲಿನ ಸದ್ದು ಈಗ ಅವರಿಗೆ ಅಭ್ಯಾಸವಾಗುತ್ತಿದೆ. ದೀಪಾವಳಿ ಕಳೆದು ಮೇಳ ತಿರುಗಾಟ ಶುರುವಾದ ಮೇಲೆ ಬಯಲಿನಲ್ಲಿ ಹೊಸ ರೆಕಾರ್ಡಿಂಗ್ ಮಾಡಿ ತರುತ್ತೇನೆ, ಆಗ ಮತ್ತೆ ಕೂರೋಣ ಅಂದಿದ್ದಾರೆ.